ಬಾಣಸಿಗನ ಹೆಬ್ಬೆರಳು

ಹೋಟೆಲಿನಲ್ಲಿ ಕುಳಿತು ಗರಿಗರಿಯಾದ ದೋಸೆಯನ್ನು ಸವಿಯುವ ನಾವು ಅದನ್ನು ಹುಯ್ದ ಕೈಯನ್ನು ಕಾಣುವುದು ಅಪರೂಪ. ನನಗೆ ಮಾತ್ರ ಆ ಕೈ ಚಿರಪರಿಚಿತ. ಅದು ನನ್ನ ತಂದೆಯದು. ಇಪ್ಪತ್ತೆರಡು ವರ್ಷಗಳಿಂದ ಅವರು ಕಾವಲಿಯ ಮುಂದೆ ನಿಂತಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿಸಿದ್ದು ಆ ಕೈ.

ಕಳೆದ ವರ್ಷ ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡಿತು. ಸೌಟಿನಿಂದ ಹಿಟ್ಟು ಹರಡುವಾಗ, ಸಟ್ಟುಗದಿಂದ ದೋಸೆ ಎಬ್ಬಿಸುವಾಗ, ಕೊನೆಗೆ ಅಂಗಿಯ ಗುಂಡಿ ಹಾಕುವಾಗಲೂ ಚಳುಕು. “ನರ ಹಿಡಿದಿದೆ ಕಣೋ, ತಾನಾಗಿ ಬಿಡುತ್ತದೆ” ಎಂದು ಎಣ್ಣೆ ನೀವಿಕೊಳ್ಳುತ್ತಿದ್ದರು. ಅದು ನರದ ತೊಂದರೆಯಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ತಿಳಿಯಿತು. ಅನಂತರ ಓದಿ ತಿಳಿದುದನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಗಟ್ಟಿ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಹೆಬ್ಬೆರಳನ್ನು ಹೊರಕ್ಕೆ ಚಾಚುವ ಹಾಗೂ ನೆಟ್ಟಗೆ ಮಾಡುವ ಎರಡು ರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಇಕ್ಕಟ್ಟಾದ ಒಂದೇ ಕೊಳವೆಯೊಳಗೆ ಹಾದುಹೋಗುತ್ತವೆ. ಮಣಿಕಟ್ಟನ್ನು ಬಾಗಿಸಿ, ಹಿಡಿತ ಬಿಗಿಮಾಡಿ, ದಿನವಿಡೀ ಒಂದೇ ಚಲನೆ ನಡೆಸಿದರೆ ಆ ಕೊಳವೆಯ ಗೋಡೆ ದಪ್ಪವಾಗಬಹುದು. ಆಗ ರಜ್ಜು ಸರಾಗವಾಗಿ ಜಾರದು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೇನನ ಹೆಸರೇ ರೋಗಕ್ಕೂ ಉಳಿದಿದೆ. ಹಸುಗೂಸನ್ನು ಪದೇ ಪದೇ ಎತ್ತಿಕೊಳ್ಳುವ ತಾಯಂದಿರಲ್ಲಿಯೂ ಇದುಂಟು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಹೆಬ್ಬೆರಳಿನ ಬುಡದಲ್ಲಿ ತೀವ್ರ ನೋವಾದರೆ ಈ ರೋಗವನ್ನು ಶಂಕಿಸಬೇಕು, ನಿರ್ಣಯ ವೈದ್ಯರದು.

ಕೆಲಸವೇ ಕಾಯಿಲೆ ತರಬಲ್ಲದೆಂಬ ವಿಚಾರ ಹೊಸದಲ್ಲ. 1700ರಲ್ಲಿ ಇಟಲಿಯ ವೈದ್ಯ ರಾಮಝೀನಿಯು ಕಸಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದು, ಹಿಟ್ಟು ನಾದುವವರ ಊದಿದ ಕೈಗಳನ್ನು ಪ್ರಸ್ತಾಪಿಸಿದ್ದಾನೆ. ರೋಗಿಯನ್ನು “ನಿನ್ನ ಕಸಬೇನು?” ಎಂದು ಕೇಳಬೇಕೆಂಬುದು ಅವನ ಉಪದೇಶ. ನನ್ನ ತಂದೆಯನ್ನೂ ವೈದ್ಯರು ಮೊದಲು ಕೇಳಿದ್ದು ಅದನ್ನೇ.

ಚಿಕಿತ್ಸೆ ಕಠಿನವೇನಲ್ಲ. ಕೈಗೆ ವಿಶ್ರಾಂತಿ, ಹೆಬ್ಬೆರಳನ್ನು ಅಲುಗದಂತೆ ಹಿಡಿಯುವ ಪಟ್ಟಿ, ಬೇಕಾದರೆ ಕೊಳವೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು; ಇವಾವುದಕ್ಕೂ ಬಗ್ಗದಿದ್ದರೆ ಕೊಳವೆಯನ್ನು ಬಿಡಿಸುವ ಸಣ್ಣ ಶಸ್ತ್ರಕ್ರಿಯೆ. ಅಡುಗೆಮನೆಯಲ್ಲಿಯೂ ಮಾಡಬಹುದಾದದ್ದು ಉಂಟು: ದಪ್ಪ ಹಿಡಿಯ ಹಗುರ ಸಟ್ಟುಗ, ಹರಿತವಾದ ಚಾಕು, ತುಂಬಿದ ಪಾತ್ರೆಯನ್ನು ಇಬ್ಬರು ಎತ್ತುವುದು, ಎಲ್ಲಕ್ಕಿಂತ ಮಿಗಿಲಾಗಿ ಸರದಿಯಂತೆ ಕೆಲಸ ಬದಲಿಸುವುದು.

ಆದರೆ ಔಷಧಿಯ ಚೀಟಿಯಲ್ಲಿ ಬರೆದ “ವಿಶ್ರಾಂತಿ” ಅಂಗಡಿಯಲ್ಲಿ ದೊರೆಯುವುದಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ. ನೋವೆಂದರೆ ಮರುದಿನ ಕಾವಲಿಯ ಮುಂದೆ ಬೇರೊಬ್ಬ ನಿಂತಾನೆಂಬ ಅಂಜಿಕೆ. ಇದೇ ಕಾರಣಕ್ಕೆ ನನ್ನ ತಂದೆ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಆ ಎಂಟು ತಿಂಗಳಲ್ಲಿಯೇ ನನ್ನ ಪರೀಕ್ಷಾ ಶುಲ್ಕವೂ ಸಂದಾಯವಾಯಿತು.

ಈಗ ಭಾನುವಾರಗಳಂದು ಅವರ ಬದಲಿಗೆ ನಾನು ನಿಲ್ಲುತ್ತೇನೆ. ನನ್ನ ದೋಸೆ ಇನ್ನೂ ದುಂಡಗಾಗಿಲ್ಲ. ಮಣಿಕಟ್ಟನ್ನು ನೆಟ್ಟಗಿಡುವಂತೆ ತಂದೆಯವರು ಪಕ್ಕದಲ್ಲಿ ನಿಂತು ಎಚ್ಚರಿಸುತ್ತಾರೆ.