ಬಟನ್ ಒತ್ತುವ ಮುನ್ನ: ಬಡಾವಣೆಯ ಆ್ಯಪ್‌ಗೆ ಅಡ್ಮಿನ್ ಪುಟ ಹೀಗಿರಲಿ

ಹೆಬ್ಬಾಳ ಮೇಲ್ಸೇತುವೆಯ ಮಗ್ಗುಲಲ್ಲಿರುವ ಕೆಂಪಾಪುರದ ಅಪಾರ್ಟ್‌ಮೆಂಟುಗಳಲ್ಲಿ ದಿನವೂ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಾಳೆ ಕಾವೇರಿ ನೀರು ಬರುತ್ತದೆಯೇ? ಕರೆಂಟ್ ಎಷ್ಟು ಹೊತ್ತು ಇರುವುದಿಲ್ಲ? ಮಳೆ ಜೋರಾದರೆ ಬೇಸ್‌ಮೆಂಟಿನಿಂದ ಗಾಡಿ ತೆಗೆಯಬೇಕೇ? ಉತ್ತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲೋ ಇರುತ್ತದೆ, ಆದರೆ ಶುಭೋದಯಗಳ ರಾಶಿಯಡಿ ಸಿಕ್ಕುವುದಿಲ್ಲ. ಇದು ಬರೀ ಅನುಕೂಲದ ಮಾತಲ್ಲ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾಗಿ, ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಅಂಥ ದಿನ ಹತ್ತು ನಿಮಿಷ ಮೊದಲು ಸಿಗುವ ಒಂದು ಸಾಲಿಗೂ ಬೆಲೆಯಿದೆ.

ಸ್ವಂತ ಆ್ಯಪ್ ಮಾಡಿಕೊಳ್ಳಲು ಹೊರಟ ನಿವಾಸಿಗಳ ಸಂಘಗಳಿಗೂ ಅದನ್ನು ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೂ ಈ ಲೇಖನ. ಪ್ರೆಸಿಡೆನ್ಸಿ, ಸಿಂಧಿ ಕಾಲೇಜುಗಳು ಕೆಂಪಾಪುರದಲ್ಲೇ ಇರುವುದರಿಂದ ಕೋಡ್ ಬರೆಯುವ ಕೈಗಳನ್ನು ದೂರ ಹುಡುಕಬೇಕಿಲ್ಲ. ಆದರೆ ಆ್ಯಪ್ ಕಟ್ಟುವವರ ಗಮನವೆಲ್ಲ ನಿವಾಸಿ ನೋಡುವ ಪರದೆಯ ಮೇಲಿದ್ದು, ಸಂದೇಶ ಕಳುಹಿಸುವವರ ಅಡ್ಮಿನ್ ಪುಟ ಕೊನೆಯ ಸಂಜೆಯ ಕೆಲಸವಾಗಿಬಿಡುತ್ತದೆ. ನನ್ನ ಕೋರಿಕೆ ಇಷ್ಟೇ: ಆ ಪುಟವನ್ನೇ ಮೊದಲು ಯೋಚಿಸಿ. ಒಮ್ಮೆ ಹೋದ ನೋಟಿಫಿಕೇಶನ್ ವಾಪಸ್ ಬರುವುದಿಲ್ಲ. ಬೇಸತ್ತ ನಿವಾಸಿ ಒಮ್ಮೆ ಆಫ್ ಮಾಡಿದರೆ ಮುಂದಿನ ಪ್ರವಾಹದ ಎಚ್ಚರಿಕೆಯೂ ಅವರಿಗೆ ತಲುಪುವುದಿಲ್ಲ.

ಸಂದೇಶ ಸಾಗುವ ದಾರಿ

ಅಡ್ಮಿನ್ ಪುಟದಲ್ಲಿ ಬರೆದ ಸಾಲು ನೇರವಾಗಿ ಫೋನಿಗೆ ಹೋಗದು. ಮೊದಲು ನಿಮ್ಮ ಸರ್ವರ್‌ಗೆ, ಅಲ್ಲಿಂದ ಗೂಗಲ್‌ನ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಸೇವೆಗೆ, ಐಫೋನ್ ಆದರೆ ಮುಂದೆ ಆ್ಯಪಲ್‌ನ ಸೇವೆಗೆ ಹೋಗಿ, ಆಮೇಲೆ ಫೋನ್ ತಲುಪುತ್ತದೆ. ಆ್ಯಪ್ ಹಾಕಿಕೊಂಡ ಪ್ರತಿ ಫೋನಿಗೂ ಒಂದು ಟೋಕನ್ ಸಿಗುತ್ತದೆ. ಅದೇ ವಿಳಾಸ. ಆ್ಯಪ್ ತೆಗೆದು ಮತ್ತೆ ಹಾಕಿದರೆ ವಿಳಾಸ ಬದಲಾಗುತ್ತದೆ.

ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆ. ಹಳೆಯ ವಿಡಿಯೋಗಳಲ್ಲಿ ತೋರಿಸುವ ‘ಸರ್ವರ್ ಕೀ’ ವಿಧಾನವನ್ನು ಗೂಗಲ್ 2024ರ ಜುಲೈನಿಂದ ಮುಚ್ಚತೊಡಗಿತು. ಈಗ ಬಳಸಬೇಕಾದದ್ದು ಎಚ್‌ಟಿಟಿಪಿ ವಿ1. ಅದಕ್ಕೆ ಬೇಕಾದ ಸರ್ವಿಸ್ ಅಕೌಂಟ್ ಕೀಲಿ ಸರ್ವರ್‌ನಲ್ಲೇ ಇರಲಿ. ಬ್ರೌಸರ್‌ನಲ್ಲಿ ತೆರೆಯುವ ಅಡ್ಮಿನ್ ಪುಟದ ಕೋಡ್‌ನಲ್ಲಿ ಅದನ್ನು ಇಟ್ಟರೆ, ಪುಟ ತೆರೆದ ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಸಂದೇಶ ಕಳುಹಿಸಬಹುದು.

ಹಂತ 1: ಸಂದೇಶದ ವಿಧಗಳನ್ನು ಗೊತ್ತು ಮಾಡಿ

ಪರದೆ ಬಿಡಿಸುವ ಮುಂಚೆ ಸಂಘದವರೊಂದಿಗೆ ಕೂತು ಮೂರು ಪಟ್ಟಿ ಮಾಡಿ: ತುರ್ತು (ಬೆಂಕಿ, ಬೇಸ್‌ಮೆಂಟಿಗೆ ನೀರು), ಸೇವೆ (ನೀರು, ಕರೆಂಟ್, ಲಿಫ್ಟ್), ಮಾಹಿತಿ (ಸಭೆ, ರಾಜ್ಯೋತ್ಸವ, ಮೇಂಟೆನೆನ್ಸ್ ಶುಲ್ಕ). ಜಾಹೀರಾತಿಗೆ ನಾಲ್ಕನೇ ಪಟ್ಟಿ ಬೇಡ.

2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ವಿಧಕ್ಕೂ ಒಂದು ‘ಚಾನೆಲ್’ ಇರುತ್ತದೆ. ನಿವಾಸಿ ಸಭೆಯ ಚಾನೆಲ್ಲನ್ನು ಮೌನವಾಗಿಸಿ ನೀರಿನದನ್ನು ಉಳಿಸಿಕೊಳ್ಳಬಹುದು. ಚಾನೆಲ್ ಒಮ್ಮೆ ತಯಾರಾದ ಮೇಲೆ ಅದರ ಸದ್ದನ್ನು ಆ್ಯಪ್ ಏರಿಸಲಾಗದು. ಹಿಡಿತ ಫೋನಿನ ಮಾಲೀಕರದು. ಆದ್ದರಿಂದ ಮೊದಲೇ ಸರಿಯಾಗಿ ವಿಂಗಡಿಸಿ, ಹೆಸರುಗಳನ್ನು ಕನ್ನಡದಲ್ಲೇ ಕೊಡಿ. 2022ರ ಆಂಡ್ರಾಯ್ಡ್ 13ರಿಂದೀಚೆಗೆ ಅನುಮತಿ ಕೇಳದೆ ನೋಟಿಫಿಕೇಶನ್ ತೋರಿಸುವಂತೆಯೂ ಇಲ್ಲ. ಆ್ಯಪ್ ತೆರೆದ ಕೂಡಲೇ ಕೇಳುವ ಬದಲು, ‘ನಿಮ್ಮ ಬ್ಲಾಕಿನ ನೀರಿನ ಸಮಯ ತಿಳಿಸಲೇ?’ ಎಂದು ಕಾರಣ ಹೇಳಿ ಕೇಳಿ.

ಹಂತ 2: ‘ಎಲ್ಲರಿಗೂ’ ತಾನಾಗಿ ಆಯ್ಕೆಯಾಗದಿರಲಿ

ಬ್ಲಾಕ್, ರಸ್ತೆ, ನೀರಿನ ಲೈನ್ ಪ್ರಕಾರ ಗುಂಪು ಮಾಡಿ. ‘ಬಿ’ ಬ್ಲಾಕಿನ ಲಿಫ್ಟ್ ಕೆಟ್ಟರೆ ‘ಡಿ’ ಬ್ಲಾಕಿನ ಅಜ್ಜಿಯ ನಿದ್ದೆ ಕೆಡಿಸಬೇಕಿಲ್ಲ. ಪುಟ ತೆರೆದಾಗ ಯಾವ ಗುಂಪೂ ಆಯ್ಕೆಯಾಗಿರಬಾರದು. ಗುಂಪು ಆರಿಸಿದ ಕೂಡಲೇ ಎಷ್ಟು ಫೋನ್‌ಗಳಿಗೆ ಹೋಗುತ್ತದೆಂಬ ಸಂಖ್ಯೆ ದಪ್ಪ ಅಕ್ಷರದಲ್ಲಿ ಕಾಣಲಿ. ಈ ಲೆಕ್ಕಕ್ಕಾಗಿ ಟೋಕನ್‌ಗಳ ಪಟ್ಟಿಯನ್ನು ನಿಮ್ಮ ಡೇಟಾಬೇಸ್‌ನಲ್ಲೇ ಬ್ಲಾಕ್‌ವಾರು ಇಟ್ಟುಕೊಳ್ಳಿ.

ಹಂತ 3: ಬರೆಯುವ ಪೆಟ್ಟಿಗೆ ಕನ್ನಡಕ್ಕೆ ಹೊಂದಲಿ

ಇಲ್ಲಿ ಹೆಚ್ಚು ಹೊತ್ತು ಕೊಡಿ. ಫೋನಿನಲ್ಲಿ ಮಡಿಸಿದ ನೋಟಿಫಿಕೇಶನ್ ಒಂದೇ ಸಾಲು ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ ಎಂಬುದೂ ವಾಕ್ಯದ ಕೊನೆಗೆ ಬರುತ್ತವೆ. ‘ನಾಳೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕಾವೇರಿ ನೀರು ಬರುವುದಿಲ್ಲ’ ಎಂದು ಬರೆದರೆ ‘ಕಾವೇರಿ ನೀರು’ ಎಂಬಲ್ಲಿಗೆ ಸಾಲು ಮುಗಿದು, ಓದಿದವರು ನೀರು ಬರುತ್ತದೆಂದೇ ತಿಳಿದು ಸುಮ್ಮನಾಗಬಹುದು. ಶೀರ್ಷಿಕೆ ‘ನಾಳೆ ನೀರಿಲ್ಲ’ ಎಂದಿರಲಿ. ಸಮಯ, ಕಾರಣ, ಟ್ಯಾಂಕರ್ ವ್ಯವಸ್ಥೆ ಕೆಳಗೆ ಬರಲಿ.

ಪೆಟ್ಟಿಗೆ ತೋರಿಸುವ ಅಕ್ಷರಗಳ ಲೆಕ್ಕವೂ ಕನ್ನಡದಂತೆ ಇರಬೇಕು. ‘ನೀರಿಲ್ಲ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಅದು ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಫೈರ್‌ಬೇಸ್‌ನಲ್ಲಿ ಒಂದು ಸಂದೇಶಕ್ಕಿರುವ ಮಿತಿ 4096 ಬೈಟ್, ಆದ್ದರಿಂದ ಸಾಮಾನ್ಯ ಸೂಚನೆಗೆ ಜಾಗದ ಕೊರತೆಯಿಲ್ಲ. ಆದರೆ ಸಾಲನ್ನು ಚಿಕ್ಕದು ಮಾಡುವ ಕೋಡ್ ಸಂಕೇತಗಳನ್ನು ಎಣಿಸಿ ಕತ್ತರಿಸಿದರೆ ಒತ್ತಕ್ಷರ ಹೋಗಿ ‘ಕನ್ನಡ’ ಎಂಬುದು ‘ಕನ್’ ಆಗುತ್ತದೆ. ಪೂರ್ತಿ ಅಕ್ಷರಗಳ ಗಡಿಯಲ್ಲೇ ಕತ್ತರಿಸುವಂತೆ ಬರೆಯಿರಿ.

ಕನ್ನಡ ಮತ್ತು ಇಂಗ್ಲಿಷ್‌ಗೆ ಬೇರೆ ಬೇರೆ ಪೆಟ್ಟಿಗೆ ಕೊಡಿ. ನಿವಾಸಿ ಆರಿಸಿದ ಭಾಷೆಯಲ್ಲಿ ಮಾತ್ರ ಕಳುಹಿಸಿ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಕನ್ನಡದ ಪೆಟ್ಟಿಗೆ ಖಾಲಿಯಿದ್ದರೆ ‘ಮುಂದೆ’ ಬಟನ್ ಕೆಲಸ ಮಾಡದಿರಲಿ.

‘ಸುದ್ದಿಯ ಮೂಲ’ ಎಂಬ ಖಾನೆಯನ್ನು ಕಡ್ಡಾಯ ಮಾಡಿ: ಜಲಮಂಡಳಿ, ಬೆಸ್ಕಾಂ, ಸಂಘದ ಕಚೇರಿ ಇತ್ಯಾದಿ. ಮಳೆಯ ವಿಷಯಕ್ಕೆ ಯಲಹಂಕದಲ್ಲೇ ಇರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಬಳಸಿ. ಬೆಂಗಳೂರಿನ ಮಳೆಗಾಗಿ ‘ಮೇಘ ಸಂದೇಶ’, ಸಿಡಿಲಿಗಾಗಿ ‘ಸಿಡಿಲು’ ಆ್ಯಪ್‌ಗಳನ್ನು ರೂಪಿಸಿದ ಸಂಸ್ಥೆ ಅದು. ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದನ್ನು ಸಂಘದ ಹೆಸರಿನಲ್ಲಿ ಕಳುಹಿಸದಂತೆ ಈ ಒಂದು ಖಾನೆ ತಡೆಯುತ್ತದೆ.

ಹಂತ 4: ಮೊದಲು ನಿಮ್ಮ ಫೋನಿಗೆ

ಪಕ್ಕದಲ್ಲೇ ಮುನ್ನೋಟ ತೋರಿಸಿ, ಮಡಿಸಿದಾಗ ಹೇಗೆ, ಬಿಡಿಸಿದಾಗ ಹೇಗೆ ಎಂದು. ಜೊತೆಗೆ ‘ನನ್ನ ಫೋನಿಗೆ ಮಾತ್ರ ಕಳುಹಿಸು’ ಬಟನ್ ಇರಲಿ. ಫಾಂಟ್ ದೊಡ್ಡದು ಮಾಡಿಕೊಂಡ ಹಿರಿಯರ ಫೋನಿನಲ್ಲಿ ಸಾಲು ಎಲ್ಲಿ ಮುರಿಯುತ್ತದೆಂಬುದು ನಿಜವಾದ ಫೋನಿನಲ್ಲಿ ನೋಡಿದಾಗಲೇ ಗೊತ್ತಾಗುವುದು.

ಹಂತ 5: ಆಯಸ್ಸು ಬರೆಯಿರಿ

ಫೋನ್ ಸ್ವಿಚ್ ಆಫ್ ಆಗಿದ್ದರೆ ಫೈರ್‌ಬೇಸ್ ಸಂದೇಶವನ್ನು ಕಾಯ್ದಿಡುತ್ತದೆ. ನೀವು ಏನೂ ಹೇಳದಿದ್ದರೆ ನಾಲ್ಕು ವಾರದವರೆಗೆ! ಊರಿಗೆ ಹೋಗಿ ಬಂದವರು ಫೋನ್ ಆನ್ ಮಾಡಿದಾಗ ಕಳೆದ ವಾರದ ‘ಇಂದು ನೀರಿಲ್ಲ’ ಬಂದರೆ ಗೊಂದಲ. ‘ಈ ಸಂದೇಶ ಯಾವಾಗಿನವರೆಗೆ ಸರಿ?’ ಎಂಬ ಖಾನೆ ಇಟ್ಟು, ಆ ಹೊತ್ತಿಗೆ ಅಳಿದುಹೋಗುವಂತೆ ಮಾಡಿ. ‘ಇಂದು’, ‘ನಾಳೆ’ ಜೊತೆಗೆ ವಾರದ ಹೆಸರನ್ನೂ ಬರೆಯುವ ರೂಢಿಯಿರಲಿ. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ತುರ್ತು ಬಿಟ್ಟು ಉಳಿದವು ತಾವಾಗಿ ಬೆಳಿಗ್ಗೆಗೆ ಸರಿಯಲಿ.

ಹಂತ 6: ಎರಡು ಜೊತೆ ಕಣ್ಣು

2018ರ ಜನವರಿ 13ರಂದು ಅಮೆರಿಕದ ಹವಾಯಿಯಲ್ಲಿ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಜನರ ಫೋನ್‌ಗಳಿಗೆ ಹೋಯಿತು. ಫೋನ್‌ಗಳಿಗೆ ತಿದ್ದುಪಡಿ ತಲುಪಲು 38 ನಿಮಿಷ ಬೇಕಾಯಿತು. ಆಮೇಲೆ ಎಚ್ಚರಿಕೆ ಕಳುಹಿಸಿದ ಅಲ್ಲಿನ ಸಂಸ್ಥೆ ಇಬ್ಬರ ಒಪ್ಪಿಗೆಯ ನಿಯಮ ತಂದಿತು. ಬಡಾವಣೆಗೂ ಇದೇ ಒಳ್ಳೆಯದು: ಒಬ್ಬರು ಬರೆಯಲಿ, ಇನ್ನೊಬ್ಬರು ನೋಡಿ ಬಿಡಲಿ. ಕೊನೆಯ ಬಟನ್ ಮೇಲೆ ‘ಸರಿ’ ಎಂದಷ್ಟೇ ಬರೆಯದೆ, ‘ಬಿ ಬ್ಲಾಕಿನ 84 ಫೋನ್‌ಗಳಿಗೆ ಕಳುಹಿಸು’ ಎಂದು ಪೂರ್ತಿ ಬರೆಯಿರಿ. ಅಭ್ಯಾಸದ ಪುಟಕ್ಕೂ ನಿಜದ ಪುಟಕ್ಕೂ ಬಣ್ಣವೇ ಬೇರೆಯಿರಲಿ.

ನಡುರಾತ್ರಿ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಇನ್ನೊಬ್ಬರಿಗಾಗಿ ಕಾಯಲಾಗದು. ಅದಕ್ಕೆ ಸಂಘ ಮೊದಲೇ ಒಪ್ಪಿದ ನಾಲ್ಕೈದು ತುರ್ತು ಸಾಲುಗಳಿರಲಿ. ಬ್ಲಾಕ್ ಆರಿಸುವುದಷ್ಟೇ ಉಳಿದಿದ್ದರೆ ಸೆಕ್ಯೂರಿಟಿ ಮೇಲ್ವಿಚಾರಕರೊಬ್ಬರೇ ಅದನ್ನು ಕಳುಹಿಸಬಹುದು.

ಹಂತ 7: ತಿದ್ದುಪಡಿಗೆ ದಾರಿ

ಕಳುಹಿಸಿದ ಪ್ರತಿ ಸಂದೇಶದ ಪಕ್ಕದಲ್ಲೇ ‘ತಿದ್ದುಪಡಿ ಕಳುಹಿಸು’ ಇರಲಿ. ಅದು ಅದೇ ಗುಂಪಿಗೇ ಹೋಗಬೇಕು, ‘ತಿದ್ದುಪಡಿ’ ಎಂದೇ ಶುರುವಾಗಬೇಕು. ಆಂಡ್ರಾಯ್ಡ್‌ನಲ್ಲಿ ಒಂದೇ ಟ್ಯಾಗ್, ಐಫೋನಿನಲ್ಲಿ ಒಂದೇ ಕೊಲ್ಯಾಪ್ಸ್ ಐಡಿ ಕೊಟ್ಟರೆ ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ. ತಪ್ಪು ಸಾಲು ಪರದೆಯ ಮೇಲೆ ಉಳಿಯುವುದಿಲ್ಲ.

ಹಂತ 8: ದಾಖಲೆ ಮತ್ತು ಸ್ವಚ್ಛತೆ

ಯಾರು ಬರೆದರು, ಯಾರು ಒಪ್ಪಿದರು, ಯಾವಾಗ, ಎಷ್ಟು ಫೋನಿಗೆ ಎಂಬುದು ಅಳಿಸಲಾಗದಂತೆ ದಾಖಲಾಗಲಿ. ಫೈರ್‌ಬೇಸ್ ‘ಸ್ವೀಕರಿಸಿದೆ’ ಎಂದ ಮಾತ್ರಕ್ಕೆ ನಿವಾಸಿ ಓದಿದ್ದಾರೆಂದು ಅರ್ಥವಲ್ಲ; ಎರಡನ್ನೂ ಬೇರೆ ಬೇರೆ ತೋರಿಸಿ. ನೋಂದಣಿ ಇಲ್ಲ ಎಂದು ಉತ್ತರ ಬಂದ ಟೋಕನ್ ಅಳಿಸಿ. ಆಂಡ್ರಾಯ್ಡ್ ಫೋನ್ 270 ದಿನ ಸಂಪರ್ಕಕ್ಕೆ ಬಾರದಿದ್ದರೆ ಅದರ ಟೋಕನ್ ಅವಧಿ ಮುಗಿದಂತೆ. ಮನೆ ಬಿಟ್ಟು ಹೋದ ಬಾಡಿಗೆದಾರರ ಮಾಹಿತಿಯನ್ನೂ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ ಮತ್ತು ಉದ್ದೇಶ. ಒಪ್ಪಿಗೆ ಕೋರುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕೆಂದು ಅದು ಹೇಳುತ್ತದೆ.

ಫೋನಿನಾಚೆಗೆ

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಮೊಬೈಲ್‌ಗಳು ಪರೀಕ್ಷಾರ್ಥ ಜೋರಾಗಿ ಸದ್ದು ಮಾಡಿದ್ದವಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್. ಟವರ್‌ನಿಂದ ನೇರ ಬರುವ ಅದಕ್ಕೆ ಆ್ಯಪ್ ಬೇಡ, ಇಂಟರ್ನೆಟ್ ಬೇಡ. ನಮ್ಮ ನೋಟಿಫಿಕೇಶನ್‌ಗೆ ಎರಡೂ ಬೇಕು. ಹಾಗಾಗಿ ತುರ್ತು ಸಂದೇಶ ಹೋದ ಕೂಡಲೇ ಅಡ್ಮಿನ್ ಪುಟದಲ್ಲಿ ಒಂದು ಪಟ್ಟಿ ತೆರೆಯಲಿ: ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು, ಒಂಟಿ ಹಿರಿಯರು, ಮನೆಗೆಲಸದವರು, ಕಾವಲುಗಾರರು. ಅವರಿಗೆ ಇಂಟರ್‌ಕಾಮ್ ಮಾಡಬೇಕು ಇಲ್ಲವೇ ಬಾಗಿಲು ತಟ್ಟಬೇಕು.

ಒಂದೇ ಬ್ಲಾಕ್, ನೀರಿನ ಸಂದೇಶ ಮಾತ್ರ, ಒಂದು ತಿಂಗಳು – ಹೀಗೆ ಆರಂಭಿಸಿ. ತಿಂಗಳ ಕೊನೆಗೆ ನಿವಾಸಿಗಳನ್ನು ಕೂರಿಸಿ, ಬಂದ ಸಂದೇಶಗಳಲ್ಲಿ ಯಾವುದು ಬೇಡವಾಗಿತ್ತು ಎಂದು ಕೇಳಿ. ಅವರು ಬೇಡವೆಂದದ್ದನ್ನು ಪುಟದಿಂದಲೇ ತೆಗೆದುಹಾಕಿ, ಆಮೇಲೆ ಎರಡನೇ ಬ್ಲಾಕಿಗೆ ಹೋಗಿ.