ಒಂದೇ ಸಲ ಸಿಗರೇಟು ಬಿಟ್ಟರೆ ಒಳಗೆ ಏನಾಗುತ್ತೆ?

"ನಾಳೆಯಿಂದ ಬಿಟ್ಟೆ ಮಗಾ" ಅನ್ನೋ ಮಾತನ್ನ ನಾವು ಹಾಸ್ಟೆಲ್‌ನಲ್ಲಿ ಎಷ್ಟು ಸಲ ಕೇಳಿದ್ದೀವೋ ಲೆಕ್ಕ ಇಲ್ಲ. ಹೆಚ್ಚಿನವರು ಬಿಡೋದೂ ಹಾಗೇ. ಗಮ್ ಇಲ್ಲ, ಪ್ಯಾಚ್ ಇಲ್ಲ, ಡಾಕ್ಟರ್ ಇಲ್ಲ, ಇದ್ದಕ್ಕಿದ್ದಂತೆ ನಿಲ್ಲಿಸ್ತಾರೆ. ಮೂರನೇ ದಿನ ಟೀ ಅಂಗಡಿ ಹತ್ರ ಮತ್ತೆ ಸಿಗ್ತಾರೆ. ಆಗ ನಾವೆಲ್ಲ "ಇವನಿಗೆ ಮನಸ್ಸು ಗಟ್ಟಿ ಇಲ್ಲ" ಅಂತ ತೀರ್ಪು ಕೊಟ್ಟುಬಿಡ್ತೀವಿ. ಆದರೆ ಮೂರನೇ ದಿನವೇ ಯಾಕೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. ಅದು ನಮಗೆ ಮೊದಲ ವರ್ಷದಲ್ಲೇ ಪರಿಚಯ ಆಗಿರೋ ಲೆಕ್ಕ.

ಒಂದು ದಮ್ಮು ಎಳೆದರೆ ನಿಕೋಟಿನ್ ಮಿದುಳಿಗೆ ತಲುಪೋಕೆ 10ರಿಂದ 20 ಸೆಕೆಂಡ್ ಸಾಕು. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 2 ಗಂಟೆ. ಕೆಪಾಸಿಟರ್ ಡಿಸ್ಚಾರ್ಜ್ ಆಗೋ ಕರ್ವ್ ನೆನಪಿಸಿಕೊಳ್ಳಿ. ರಾತ್ರಿ 8 ಗಂಟೆ ನಿದ್ದೆ ಅಂದರೆ ನಾಲ್ಕು ಅರ್ಧಾಯುಷ್ಯ, ಬೆಳಗ್ಗೆ ಏಳೋ ಹೊತ್ತಿಗೆ 16ರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತೆ. ಎದ್ದ ತಕ್ಷಣ ಮೊದಲನೇ ಸಿಗರೇಟಿಗೆ ಅಷ್ಟು ಎಳೆತ ಇರೋದು ಇದಕ್ಕೇ. 20 ಗಂಟೆ ಕಳೆದರೆ 1024ರಲ್ಲಿ ಒಂದು ಪಾಲು. ಈ ಲೆಕ್ಕದ ಪ್ರಕಾರ ಒಂದೇ ದಿನದಲ್ಲಿ ಕೆಲಸ ಮುಗೀಬೇಕಿತ್ತು.

ಮುಗಿಯಲ್ಲ, ಯಾಕಂದ್ರೆ ನಿಧಾನಕ್ಕೆ ಇಳಿಯೋ ಇನ್ನೊಂದು ವಸ್ತು ಒಳಗಿದೆ. ನಮ್ಮ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕಕ್ಕೆ ಅಂತ ಗ್ರಾಹಕಗಳಿವೆ. ನಿಕೋಟಿನ್ ಆ ಬೀಗಕ್ಕೆ ಹೊಂದೋ ಕಳ್ಳ ಕೀಲಿಕೈ. ಅದು ಕೂತಾಗ ಡೋಪಮೈನ್ ಹೊರಬರುತ್ತೆ, ಹಾಯೆನಿಸುತ್ತೆ. ದಿನಾ ಸೇದೋರ ಮಿದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚಾಗಿರುತ್ತೆ. ಬಿಟ್ಟಾಗ ನಿಕೋಟಿನ್ ಒಂದು ದಿನದಲ್ಲಿ ಹೋಯ್ತು, ಹೆಚ್ಚಾದ ಗ್ರಾಹಕಗಳು ಮಾತ್ರ ಬಾಯಿ ತೆರೆದುಕೊಂಡು ಹಾಗೇ ಇವೆ. ಅವು ಸೇದದವರ ಮಟ್ಟಕ್ಕೆ ಇಳಿಯೋಕೆ ವಾರಗಟ್ಟಲೆ ಬೇಕು. ಸಿಡುಕು, ನಿದ್ದೆ ಬಾರದಿರೋದು, ಹಸಿವು, ಪುಸ್ತಕ ತೆಗೆದರೆ ಒಂದು ಸಾಲೂ ತಲೆಗೆ ಹತ್ತದಿರೋದು, ಇದೆಲ್ಲ ಆ ಅಂತರದ ಫಲ. ಮೊದಲ ಎರಡು ಮೂರು ದಿನದಲ್ಲಿ ಇದು ತುತ್ತತುದಿಗೆ ಹೋಗುತ್ತೆ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಅಂದರೆ ನಮ್ಮ ಗೆಳೆಯ ಕೈಬಿಟ್ಟಿದ್ದು ಕರ್ವ್‌ನ ಶಿಖರದಲ್ಲೇ. "ಒಂದೇ ಒಂದು ದಮ್ಮು ತಾನೆ" ಅನ್ನೋದೂ ಸಣ್ಣ ವಿಷಯ ಅಲ್ಲ. ಒಂದೆರಡು ದಮ್ಮಿಗೇ ಅರ್ಧದಷ್ಟು ಗ್ರಾಹಕಗಳು ತುಂಬಿಬಿಡುತ್ತವೆ.

ಇನ್ನು ಯಾರೂ ಹೇಳದ ವಿಷಯ, ಕಾಫಿ. ಸಿಗರೇಟಿನ ಹೊಗೆಯಲ್ಲಿರೋ ಕೆಲವು ಸಂಯುಕ್ತಗಳು ಪಿತ್ತಜನಕಾಂಗದ ಸಿವೈಪಿ1ಎ2 ಅನ್ನೋ ಕಿಣ್ವವನ್ನ ಚುರುಕು ಮಾಡುತ್ತವೆ. ಕೆಫೀನನ್ನ ಕರಗಿಸೋದೂ ಅದೇ ಕಿಣ್ವ. ಹಾಗಾಗಿ ಸೇದೋರಿಗೆ ಕಾಫಿ ಬೇಗ ಇಳಿಯುತ್ತೆ, ಅವರು ಜಾಸ್ತಿ ಕುಡೀತಾರೆ. ಸಿಗರೇಟು ಬಿಟ್ಟು ದಿನಕ್ಕೆ ಅದೇ ಐದು ಲೋಟ ಫಿಲ್ಟರ್ ಕಾಫಿ ಮುಂದುವರಿಸಿದರೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಇದನ್ನೂ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೇ ಬರೆದು ಮತ್ತೆ ಹಚ್ಚುತ್ತಾರೆ. ಆ ವಾರ ಬೈಟು ಕುಡಿದರೆ ಸಾಕು.

"ಸೇದಿದರೆ ಟೆನ್ಷನ್ ಕಡಿಮೆ ಆಗುತ್ತೆ" ಅನ್ನೋದಂತೂ ಇಂಟರ್ನಲ್ಸ್ ಬಂತು ಅಂದರೆ ಎಲ್ಲರ ಬಾಯಲ್ಲೂ ಇರುತ್ತೆ. ಕಡಿಮೆ ಆಗೋದು ಹಿಂದಿನ ಸಿಗರೇಟು ಇಳಿದಾಗ ಹುಟ್ಟಿದ ಟೆನ್ಷನ್. ಥರ್ಮೋಡೈನಾಮಿಕ್ಸ್ ಪೋರ್ಷನ್ ಅಷ್ಟೇ ಬಾಕಿ ಇರುತ್ತೆ.

ಹಾಗಾದರೆ ಒಂದೇ ಸಲ ಬಿಡೋದು ಸರಿಯಾ, ದಿನಕ್ಕೊಂದು ಕಡಿಮೆ ಮಾಡೋದು ಸರಿಯಾ? ಇಂಗ್ಲೆಂಡಿನಲ್ಲಿ 697 ಜನರ ಮೇಲೆ ನಡೆದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯ್ತು. ನಾಲ್ಕು ವಾರದ ನಂತರ ನೋಡಿದಾಗ ಒಂದೇ ಸಲ ಬಿಟ್ಟವರಲ್ಲಿ ಶೇ. 49 ಮಂದಿ, ನಿಧಾನಕ್ಕೆ ಬಿಟ್ಟವರಲ್ಲಿ ಶೇ. 39 ಮಂದಿ ಸೇದದೆ ಉಳಿದಿದ್ದರು. ಆರು ತಿಂಗಳಿಗೆ ಅದು 22 ಮತ್ತು 15.5. ಇದನ್ನ ತೋರಿಸಿ "ನೋಡು, ಔಷಧಿ ಗಿವಷಧಿ ಏನೂ ಬೇಡ" ಅನ್ನೋರಿದ್ದಾರೆ. ಆದರೆ ಆ ಪ್ರಯೋಗದಲ್ಲಿ ಎರಡೂ ಗುಂಪಿಗೆ ನಿಕೋಟಿನ್ ಪ್ಯಾಚ್ ಮತ್ತು ನರ್ಸ್‌ಗಳ ಸಲಹೆ ಸಿಕ್ಕಿತ್ತು! ಯಾವ ಸಹಾಯವೂ ಇಲ್ಲದೆ ಪ್ರಯತ್ನಿಸಿದವರಲ್ಲಿ ಆರು ತಿಂಗಳು, ಒಂದು ವರ್ಷ ನಿಲ್ಲೋರು ನೂರಕ್ಕೆ ಮೂರರಿಂದ ಐದು ಮಂದಿ. ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸೋದು ಒಳ್ಳೇದೇ, ಒಬ್ಬರೇ ಒದ್ದಾಡೋದು ಮಾತ್ರ ಬೇಡ. ಒಂದೇ ಸಲ ಬಿಟ್ಟರೆ ಜೀವಕ್ಕೇನಾದರೂ ಆಗುತ್ತಾ ಅನ್ನೋ ಭಯವೂ ಬೇಡ. ವರ್ಷಗಟ್ಟಲೆ ವಿಪರೀತ ಕುಡಿದವರು ಮದ್ಯವನ್ನ ಹಠಾತ್ತಾಗಿ ಬಿಟ್ಟರೆ ಜೀವಕ್ಕೆ ಅಪಾಯ ಇದೆ, ಅದಕ್ಕೆ ಡಾಕ್ಟರ್ ಬೇಕೇ ಬೇಕು. ಸಿಗರೇಟಿನ ವಿಷಯದಲ್ಲಿ ಹಿಂಸೆ ಇದೆ, ಆ ಅಪಾಯ ಇಲ್ಲ.

ದಿನ ಯಾವುದು? ಪರೀಕ್ಷೆಗೆ ಎರಡು ದಿನ ಮುಂಚೆ ಅಂತೂ ಬೇಡ, ಶಿಖರ ಸರಿಯಾಗಿ ಹಾಲ್‌ನಲ್ಲೇ ಬರುತ್ತೆ. ನಮಗೆ ಸೆಮ್ ರಜೆ ಸರಿ ಅನ್ಸುತ್ತೆ. ಊರಲ್ಲಿ ಅಪ್ಪ ಅಮ್ಮನ ಎದುರು ಹೇಗೂ ಸೇದೋ ಹಾಗಿಲ್ಲ. ಹತ್ತು ಹದಿನೈದು ದಿನ ಹಾಗೇ ಕಳೆದವರು ಕರ್ವ್‌ನ ಕಷ್ಟದ ಭಾಗವನ್ನ ಗೊತ್ತಿಲ್ಲದೇ ದಾಟಿರ್ತಾರೆ. ಆದರೂ ವಾಪಸ್ ಬಂದ ದಿನ ಬಸ್ ಇಳಿದ ಕೂಡಲೇ ಹಚ್ಚುತ್ತಾರೆ, ಯಾಕಂದ್ರೆ ಉಳಿದಿರೋದು ಜಾಗದ ನೆನಪು: ಆ ಅಂಗಡಿ, ಆ ಕಟ್ಟೆ, ಆ ನಾಲ್ಕು ಜನ. ಆಸೆ ಒಂದೊಂದು ಸಲ ಬಂದರೂ ಕೆಲವು ನಿಮಿಷ ಇದ್ದು ಹೋಗುತ್ತೆ. ಆ ಹೊತ್ತಿಗೆ ಬೇರೆ ದಾರಿಯಲ್ಲಿ ನಡೆಯೋಕೆ ಜೊತೆ ಯಾರಾದರೂ ಇದ್ದರೆ ಸುಲಭ. ಕಾನೂನಿನ ಪ್ರಕಾರ ಕಾಲೇಜಿನಿಂದ 100 ಗಜದೊಳಗೆ ಆ ಅಂಗಡಿಯಲ್ಲಿ ಸಿಗರೇಟು ಇರಲೇಬಾರದು. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ಮಾರೋ ಹಾಗೂ ಇಲ್ಲ, ಅಂದರೆ ನಮ್ಮ ಸೆಕೆಂಡ್ ಇಯರ್‌ನಲ್ಲಿ ಹೆಚ್ಚುಕಮ್ಮಿ ಯಾರಿಗೂ ಇಲ್ಲ. ನಡೀತಿರೋದು ನಿಮಗೇ ಗೊತ್ತು.

ಸಹಾಯಕ್ಕೆ ಸರ್ಕಾರದ ಕ್ವಿಟ್‌ಲೈನ್ ಇದೆ, 1800-11-2356. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದರ ಒಂದು ಕೇಂದ್ರ ಇದೆ. ನಂಬರ್ ಪ್ರತಿ ಸಿಗರೇಟ್ ಪ್ಯಾಕ್ ಮೇಲೂ ಅಚ್ಚಾಗಿರುತ್ತೆ. ನಮ್ಮವರು ಕೊಳ್ಳೋದು ಲೂಸ್, ಅದಕ್ಕೇ ಇಲ್ಲಿ ಬರೆದಿದ್ದೀವಿ.