ಬಾಲಕನ ಕೈಗೆ ತಕ್ಕ ಬೇಸ್‌ಬಾಲ್ ದಾಂಡು

ಅಮೆರಿಕದಲ್ಲಿ ಬಾಲಕರಿಗಾಗಿ ಬೇಸ್‌ಬಾಲ್ ದಾಂಡನ್ನು ಕೊಳ್ಳಹೋದವರಿಗೆ ಮರದ ಮತ್ತು ಅಲ್ಯೂಮಿನಿಯಂ ದಾಂಡುಗಳೊಡನೆ ಸಂಯುಕ್ತ ದಾಂಡೂ ದೊರೆಯುವುದು. ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ಇದನ್ನು ಟೊಳ್ಳಾಗಿ ಮಾಡುವರು. ಚೆಂಡು ತಗುಲಿದೊಡನೆ ಇದರ ಗೋಡೆ ತುಸು ಒಳಬಾಗಿ ಮತ್ತೆ ಪುಟಿಯುವುದು. ಕೈಗೆ ತಟ್ಟುವ ಅದಿರೂ ಕಡಮೆ. ನಾವು ಕ್ರಿಕೆಟ್ ಬ್ಯಾಟನ್ನು ಬಡಿದು ಹದಗೊಳಿಸುವಂತೆ, ಇವುಗಳಲ್ಲಿ ಹಲವನ್ನು ತಿರುತಿರುಗಿಸಿ ನೂರೈವತ್ತು ಬಾರಿಯಾದರೂ ಹೊಡೆದು ಪಳಗಿಸಬೇಕು. ಬಳಸಿದಂತೆ ಎಳೆಗಳ ಬಿಗಿ ಸಡಿಲಿ ಪುಟಿತ ಹೆಚ್ಚುವುದು. ಅಪಾಯವಿರುವುದೂ ಅಲ್ಲಿಯೇ. ಹನ್ನೆರಡರೊಳಗಿನ ಹುಡುಗರ ಆಟದಲ್ಲಿ ಚೆಂಡೆಸೆಯುವವನು ನಿಲ್ಲುವುದು ಕೇವಲ 46 ಅಡಿ ದೂರದಲ್ಲಿ. ಮರಳಿ ಬರುವ ಚೆಂಡಿನಿಂದ ತಪ್ಪಿಸಿಕೊಳ್ಳಲು ಅವನಿಗೆ ಸಮಯವೆಲ್ಲಿ? ಪಳಗಿದ ದಾಂಡುಗಳು ಮಿತಿಮೀರುವುದನ್ನು ಕಂಡು ಲಿಟಲ್ ಲೀಗ್ ಸಂಸ್ಥೆಯು 2010ರಲ್ಲಿ, ವಿನಾಯಿತಿ ಪಡೆದವುಗಳ ಹೊರತು, ಇವನ್ನು ತಡೆಯಿತು. 2018ರಲ್ಲಿ ಮರದ ದಾಂಡಿನ ಗುಣಕ್ಕೆ ಸಮೀಪವಾದ ಹೊಸ ಅಳತೆ ಜಾರಿಗೆ ಬಂದಿತು. ಆದುದರಿಂದ ಮೊದಲು ನೋಡತಕ್ಕುದು ಯುಎಸ್ಎ ಬೇಸ್‌ಬಾಲ್ ಮುದ್ರೆಯನ್ನು.

ಅನಂತರ ತೂಕ. 29 ಅಂಗುಲದ ದಾಂಡು 19 ಔನ್ಸು ತೂಗಿದರೆ ಅದನ್ನು ‘ಮೈನಸ್ 10’ ಎನ್ನುವರು. ಬೆಳೆಯುವ ಹುಡುಗನೆಂದು ದೊಗಳೆ ಅಂಗಿ ಹೊಲಿಸಬಹುದು, ಭಾರದ ದಾಂಡು ಕೊಳ್ಳಲಾಗದು. ಒಂದೇ ಕೈಯನ್ನು ನೀಡಿ ಅರ್ಧ ನಿಮಿಷ ಹಿಡಿಯಲಿ. ತುದಿ ಕೆಳಗಿಳಿದರೆ ಹಗುರವಾದುದನ್ನು ಆರಿಸೋಣ. ಕಡುಚಳಿಯಲ್ಲಿ ಮಾತ್ರ ಇದನ್ನು ಹೊರತೆಗೆಯಬಾರದು, ಬಿರುಕು ಬಿಡುವುದು.